ಒಂದು ದೆವ್ವವಾದರೂ ಒಳ್ಳೆಯದಾಗಬಾರದೇ?

ಭಾನುವಾರ ಮಧ್ಯಾಹ್ನ ತುಮಕೂರಿನ ನಮ್ಮ ಮನೆಯ ಮಹಡಿಯಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಮೇಜಿನಾಟ ಆಡುತ್ತೇವೆಂದು ತಿಳಿದವರೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ನಿಮ್ಮ ಆಟದ ದೆವ್ವಗಳೆಲ್ಲ ಹುಟ್ಟಾ ಕೆಟ್ಟವೇ, ಒಂದಾದರೂ ಒಳ್ಳೆಯದಾಗಬಾರದೇ? ಕಳೆದ ತಿಂಗಳು ಗುಬ್ಬಿಯಲ್ಲಿ ಗೃಹಪ್ರವೇಶದ ಊಟಕ್ಕೆ ಕುಳಿತಿದ್ದಾಗ, ಎಲೆಗೆ ಒಬ್ಬಟ್ಟು ಬೀಳುವ ಹೊತ್ತಿಗೆ ಸರಿಯಾಗಿ, ಭಾವನವರು ಇದನ್ನೇ ಇಡೀ ಪಂಕ್ತಿಗೆ ಕೇಳುವಂತೆ ಕೇಳಿದರು. ನಾನು ಉತ್ತರಿಸಿ ಮುಗಿಸುವಷ್ಟರಲ್ಲಿ ತುಪ್ಪ ಹೆಪ್ಪುಗಟ್ಟಿತ್ತು. ಇನ್ನು ಮುಂದೆ ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನು ಕಳಿಸುತ್ತೇನೆ.

ಮೊದಲಿಗೆ, ಅವು ದೆವ್ವಗಳಲ್ಲ. ದೆವ್ವ ಹುಣಸೆಮರದಲ್ಲಿರುತ್ತದೆ, ಅದಕ್ಕೊಂದು ಹೆಸರು, ಒಂದು ಊರು, ತೀರದ ಒಂದು ಆಸೆ ಇರುತ್ತದೆ, ನಿಂಬೆಹಣ್ಣು ಕೊಯ್ದು ಸಮಾಧಾನ ಹೇಳಿದರೆ ಹೋಗುವುದೂ ಉಂಟು. ಆಟದಲ್ಲಿರುವುದು ಡೆವಿಲ್ ಮತ್ತು ಡೀಮನ್. ಇವೆರಡೂ ಒಂದೇ ಅಲ್ಲ, ಪರಸ್ಪರ ಯುಗಯುಗಗಳಿಂದ ಯುದ್ಧದಲ್ಲಿವೆ. ಮನುಷ್ಯ ಪಾತ್ರದ ಹಾಳೆಯಲ್ಲಿ ಬರೆಯುವ ಅಲೈನ್‌ಮೆಂಟ್, ಅಂದರೆ ಒಳಿತು ಕೆಡುಕು, ಕಟ್ಟಳೆ ಅರಾಜಕತೆಗಳಲ್ಲಿ ಆತ ಯಾವ ಕಡೆ ಎಂಬ ಗುರುತು, ಆತನ ಸ್ವಭಾವದ ಒಲವು ಮಾತ್ರ. ಆಡುತ್ತ ಆಡುತ್ತ ಆತ ಬದಲಾದರೆ ಅಳಿಸಿ ಬೇರೆ ಬರೆಯುತ್ತೇವೆ. ಪರಲೋಕದ ಜೀವಿಗೆ ಅದು ಒಲವಲ್ಲ, ಮೈಯ ಮಣ್ಣು. ಒಂಬತ್ತು ಸುತ್ತಿನ ನರಕವೆಂಬ ಲೋಕವೇ ಲಾಫುಲ್ ಈವಿಲ್, ಅಂದರೆ ಕಟ್ಟುಕಟ್ಟಳೆಯ ಕೇಡು. ಡೆವಿಲ್ ಆ ಲೋಕದ ತುಂಡು. ಅಬಿಸ್ ಎಂಬುದು ಕಟ್ಟಳೆಯಿಲ್ಲದ ಕೇಡಿನ ಲೋಕ. ಡೀಮನ್ ಅದರ ತುಂಡು. 2014ರ ಐದನೇ ಆವೃತ್ತಿಯ ನಿಯಮಪುಸ್ತಕ ನೇರವಾಗಿಯೇ ಹೇಳುತ್ತದೆ: ಡೆವಿಲ್ ಒಂದು ವೇಳೆ ಲಾಫುಲ್ ಈವಿಲ್ ಆಗಿ ಉಳಿಯದಿದ್ದರೆ ಅದು ಡೆವಿಲ್ ಆಗಿಯೂ ಉಳಿಯುವುದಿಲ್ಲ. ಒಳ್ಳೆಯದಾಗಬಹುದು, ಭಾವನವರೇ, ಆದರೆ ಆಮೇಲೆ ಅದು ಬೇರೆ ಏನೋ ಆಗಿರುತ್ತದೆ. ಇದಕ್ಕೆ ಎದುರು ದಿಕ್ಕಿನಲ್ಲಿ ಹೋದದ್ದೂ ಇದೆ: ಜರಿಯಲ್ ಎಂಬ ದೇವದೂತೆ ಪತನಗೊಂಡು ಆ ನರಕದ ಮೊದಲ ಸುತ್ತಿನ ಒಡತಿಯಾದಳು.

“ಹಾಗಾದರೆ ವಿಭೀಷಣ?” ಎಂದು ಭಾವನವರು ಗೆದ್ದವರಂತೆ ತಲೆಯೆತ್ತಿದರು. ಇದು ಒಳ್ಳೆಯ ಪೆಟ್ಟು, ಒಪ್ಪುತ್ತೇನೆ. ವಿಭೀಷಣ ಲಂಕೆ ಬಿಟ್ಟು ಬಂದ ಮೇಲೂ ರಾಕ್ಷಸನೇ, ಏಕೆಂದರೆ ನಮ್ಮಲ್ಲಿ ಅದು ಕುಲ. ಆಟದವರು ನಮ್ಮ ರಾಕ್ಷಸನನ್ನೇ ಎತ್ತಿಕೊಂಡು, ಹುಲಿಯ ತಲೆ, ತಿರುವುಮುರುವಾದ ಅಂಗೈ ಕೊಟ್ಟು, ಸಾರಾಸಗಟಾಗಿ ಲಾಫುಲ್ ಈವಿಲ್ ಎಂದು ಬರೆದಿದ್ದಾರೆ. ಅಲ್ಲಿ ವಿಭೀಷಣನಿಗೆ ಜಾಗವಿಲ್ಲ. ಅದನ್ನು ನಾನು ಸಮರ್ಥಿಸಲಾರೆ, ಬರೆದವನೂ ನಾನಲ್ಲ.

ಆದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಬದಲು ಅದು ಕೊಟ್ಟ ಮಾತು ಉಳಿಸಿಕೊಳ್ಳುತ್ತದೆಯೇ ಎಂದು ಒಬ್ಬರಾದರೂ ಏಕೆ ಕೇಳುವುದಿಲ್ಲ? 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಈ ಆಟ ಮೊದಲು ಪ್ರಕಟವಾದಾಗ ಅಲೈನ್‌ಮೆಂಟ್ ಮೂರೇ ಇದ್ದವು: ಕಟ್ಟಳೆ, ತಟಸ್ಥ, ಅರಾಜಕತೆ. ಒಳಿತು ಕೆಡುಕುಗಳ ಅಳತೆ ಆಮೇಲೆ ಸೇರಿ ಒಂಬತ್ತಾಯಿತು. ಮೇಜಿನ ಮುಂದೆ ಕುಳಿತಾಗ ಇಂದಿಗೂ ಹಳೆಯ ಅಳತೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮ್ಮ ಗುಂಪಿನಲ್ಲೊಬ್ಬರು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರಬರಹಗಾರರು. ಅವರ ಪಾತ್ರ ಡೆವಿಲ್ ಒಂದರಿಂದ ಒಂದು ರಾತ್ರಿಯ ಅಭಯ ಕೇಳಬೇಕಾಗಿ ಬಂದಾಗ, ಅವರು ಹಾಳೆ ತೆಗೆದು ಕ್ರಯಪತ್ರದ ಧಾಟಿಯಲ್ಲೇ ಕರಾರು ಬರೆದರು: ನಾನಾಗಲಿ ನನ್ನ ಅಧೀನದವರಾಗಲಿ ಕೆಳಕಂಡ ಚಕ್ಕುಬಂದಿಯ ಮೂಲಕ ಸೂರ್ಯೋದಯದವರೆಗೆ ಪ್ರವೇಶಿಸತಕ್ಕದ್ದಲ್ಲ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡೆ, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಪಾಳುಗುಡಿ. ಆಟ ನಡೆಸುವವನು, ಡೆವಿಲ್‌ಗಳ ಪಾತ್ರ ವಹಿಸುವವನು ನಾನಾದ್ದರಿಂದ ಡೆವಿಲ್ ಪರವಾಗಿ ನಾನು ರುಜು ಹಾಕಿದೆ. ನಡುರಾತ್ರಿ ಅದು ನಾಲ್ಕು ದಿಕ್ಕನ್ನೂ ಮುಟ್ಟದೆ ನೇರ ಮೇಲಿನಿಂದ ಇಳಿಯಿತು. ಡೀಮನ್ ಆಗಿದ್ದರೆ ಹಾಳೆಯನ್ನು ಹರಿದು ತಿನ್ನುತ್ತಿತ್ತು, ಬರೆದವರನ್ನೂ.

ಅವರು ಎರಡು ನಿಮಿಷ ಆ ಹಾಳೆಯನ್ನೇ ನೋಡುತ್ತ ಕುಳಿತರು. ಮುಂದಿನ ಭಾನುವಾರ ಬರುವಾಗ ಹೊಸ ಕರಡು ತಂದಿದ್ದರು: ಮೇಲಕ್ಕೆ ಆಕಾಶ, ಕೆಳಕ್ಕೆ ಪಾತಾಳ ಸಹಿತ. ನಾನು ಅದನ್ನು ಇನ್ನೂ ಓದುತ್ತಿದ್ದೇನೆ.