ಹೇಗೂ ಕೇಳ್ತೀರಲ್ಲ

ಕುಕ್ಕರ್ ನೋಡಿ ಹೆದರುವ ಊರು ಬೇರೆ ಎಲ್ಲಾದರೂ ಉಂಟೋ ಗೊತ್ತಿಲ್ಲ. ನಮ್ಮ ಮಂಗಳೂರಿನಲ್ಲಂತೂ ಹೆದರುತ್ತೇವೆ.

ದಿಲ್ಲಿಯಲ್ಲಿ ಕೆಂಪುಕೋಟೆ ಹತ್ತಿರ ಕಾರು ಸ್ಫೋಟ ಆದದ್ದು 2025ರ ನವೆಂಬರ್ 10, ಸೋಮವಾರ. ನಾನು ಹೇಳುತ್ತಿರುವುದು ಅದೇ ವಾರದ ಗುರುವಾರ ಸಂಜೆಯದ್ದು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು. ಮುಂದಿನ ಲೇಡೀಸ್ ಸೀಟೆಲ್ಲ ಭರ್ತಿ. ಹಿಂದಿನಿಂದ ಎರಡನೇ ಸಾಲಿನಲ್ಲಿ ಒಂದು ಜಾಗ ಸಿಕ್ಕಿತು, ಕೂತೆ. ಕೊಟ್ಟಾರ ಚೌಕಿ ದಾಟಿದ ಮೇಲೆ ಕಂಡಕ್ಟರ್ ಟಿಕೆಟ್ ಮಾಡುತ್ತಾ ಹಿಂದೆ ಬಂದವನು ನಿಂತುಬಿಟ್ಟ. ಕೊನೆಯ ಸೀಟಿನ ಮೂಲೆಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ಅದರ ಬಾಯಿಯಿಂದ ಕುಕ್ಕರಿನ ಕಪ್ಪು ಹಿಡಿ ಹೊರಗೆ ಬಂದಿತ್ತು.

"ಉಂದು ಏರ್ನ ಬ್ಯಾಗ್?"

ಉತ್ತರ ಇಲ್ಲ. ಕನ್ನಡದಲ್ಲಿ ಕೇಳಿದ, "ಯಾರದ್ದು ಮಾರ್ರೆ ಇದು?" ಆಗಲೂ ಇಲ್ಲ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ನನ್ನ ಕಣ್ಣು ಮೊದಲು ಹೋದದ್ದು ಕುಕ್ಕರ್ ಮೇಲೆ. ಆಮೇಲೆ ಹೋದದ್ದು ಆಚೆ ಸೀಟಿನಲ್ಲಿ ಕೂತಿದ್ದ ಹುಡುಗನ ಮೇಲೆ. ಗಡ್ಡ ಇತ್ತು, ಮೀಸೆ ಇರಲಿಲ್ಲ. ಹೆಸರು ಯಾರಿಗೂ ಗೊತ್ತಿಲ್ಲ, ಆದರೂ ಅಷ್ಟು ಹೊತ್ತಿಗೆ ಇಡೀ ಬಸ್ಸು ಅವನಿಗೆ ಒಂದು ಹೆಸರು ಇಟ್ಟಾಗಿತ್ತು. ಇಪ್ಪತ್ತು ಇಪ್ಪತ್ತೈದು ಜನ ಕತ್ತು ತಿರುಗಿಸಿದ್ದು ನೋಡಿದೆ. ನಾನೂ ಅದರಲ್ಲಿ ಒಬ್ಬಳು.

ಅವನು ಎದ್ದು ನಿಂತ. ತನ್ನ ಬೆನ್ನಿನ ಬ್ಯಾಗನ್ನು ಸೀಟಿನ ಮೇಲಿಟ್ಟು ಮೂರೂ ಜಿಪ್ ತೆಗೆದ. ಚಾರ್ಜರ್, ಸ್ಟೀಲಿನ ಬುತ್ತಿ, ಮಡಚಿದ ರೈನ್‌ಕೋಟು. ಕೊನೆಗೆ ಪರ್ಸಿನಿಂದ ಆಧಾರ್ ಕಾರ್ಡ್.

"ನೋಡಿ ಅಣ್ಣ."

ಕಂಡಕ್ಟರಿಗೇ ಒಂಥರಾ ಆಯಿತು. "ನಿಮ್ಮದು ನಾನು ಕೇಳ್ಲಿಲ್ಲ ಮಾರ್ರೆ."

"ಪರವಾಗಿಲ್ಲ, ನೋಡಿ. ಹೇಗೂ ಕೇಳ್ತೀರಲ್ಲ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಚಿಲ್ಲರೆ ಉಂಟಾ ಅಂತ ಕೇಳುವ ಮೊದಲೇ ಚಿಲ್ಲರೆ ತೆಗೆದುಕೊಡುತ್ತೇವಲ್ಲ, ಆ ಧಾಟಿ. ನನಗೆ ಚುಚ್ಚಿದ್ದು ಅವನ ಕೈ. ಸ್ವಲ್ಪವೂ ನಡುಗಲಿಲ್ಲ. ಯಾವ ಜಿಪ್ ಮೊದಲು, ಯಾವುದು ಆಮೇಲೆ ಅಂತ ಅಭ್ಯಾಸ ಆದ ಕೈ.

ಅಷ್ಟರಲ್ಲಿ ಡ್ರೈವರ್ ಕೂಳೂರಿನ ಹತ್ತಿರ ಬಸ್ಸು ಬದಿಗೆ ಹಾಕಿದ. ಎಕ್ಸ್‌ಪ್ರೆಸ್ ಬಸ್ಸಿನವರಿಗೆ ಎರಡು ನಿಮಿಷ ಅಂದ್ರೆ ಎಂತ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ಬಸ್ಸಿನವ ಬಂದರೆ ಟೈಮಿಂಗ್ ಜಗಳವೇ. ಆದರೂ ನಿಲ್ಲಿಸಿದ. ಇಸ್ತ್ರಿ ಮಾಡಿದ ಶರ್ಟಿನ ಒಬ್ಬರು "ಪೊಲೀಸಿಗೆ ಫೋನ್ ಮಾಡಿ, ಪೊಲೀಸಿಗೆ ಫೋನ್ ಮಾಡಿ" ಅನ್ನುತ್ತಿದ್ದರು. ಅವರ ಕೈಯಲ್ಲೇ ಫೋನ್ ಇತ್ತು, ಅದರಲ್ಲಿ ವಿಡಿಯೋ ಮಾಡುತ್ತಿದ್ದರು. ಕುಕ್ಕರಿನದ್ದಲ್ಲ, ಹುಡುಗನದ್ದು. ಇಂಥವರು ಪ್ರತಿ ಬಸ್ಸಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಆಗ ಮುಂದಿನಿಂದ ಒಂದು ಸಣ್ಣ ಸ್ವರ. "ಅವು ಎನ್ನ ಮಾರಾಯ." ತುಳುವಿನಲ್ಲಿ, ಅದು ನನ್ನದು ಅಂತ.

ಎಪ್ಪತ್ತು ದಾಟಿದ ಅಮ್ಮ. ಗ್ಯಾಸ್ಕೆಟ್ ಹಾಕಿಸಲು ಪೇಟೆಗೆ ಕುಕ್ಕರ್ ತಂದಿದ್ದರಂತೆ. ಮತ್ತೆ ಇಷ್ಟು ಹೊತ್ತು ಯಾಕೆ ಬಾಯಿ ಬಿಡಲಿಲ್ಲ? ಕಂಡಕ್ಟರ್ ಮುಚ್ಚಳ ತೆಗೆದಾಗ ಗೊತ್ತಾಯಿತು. ಒಳಗೆ ಪೇಪರಿನಲ್ಲಿ ಸುತ್ತಿದ ಒಣ ಬಂಗುಡೆ! ಮೀನು ತಂದರೆ ಹತ್ತಿಸುವುದಿಲ್ಲ ಅಂತ ಹೆದರಿ ಕುಕ್ಕರಿನ ಒಳಗೆ ಹಾಕಿ, ಮುಚ್ಚಳ ಬಿಗಿದು, ಹಿಂದಿನ ಸೀಟಿಗೆ ತಳ್ಳಿ, ಮುಂದೆ ಹೋಗಿ ಗುಮ್ಮನೆ ಕೂತಿದ್ದರು. ಹೊಸ ಗ್ಯಾಸ್ಕೆಟ್ ಒಳ್ಳೆಯದೇ ಇರಬೇಕು, ಅಲ್ಲಿಯವರೆಗೆ ಒಂಚೂರು ವಾಸನೆ ಬಂದಿರಲಿಲ್ಲ.

ಬಸ್ಸಿಡೀ ನಕ್ಕಿತು. ಹುಡುಗನೂ ನಕ್ಕ. ಆದರೆ ಬ್ಯಾಗಿನ ಜಿಪ್ ಹಾಕಲಿಲ್ಲ. ತೆರೆದ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡೇ ಕೂತ.

ಹೆದರಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. 2022ರ ನವೆಂಬರ್ 19ರಂದು ಇಲ್ಲೇ ಮಂಗಳೂರಿನ ನಾಗುರಿ ಹತ್ತಿರ ಆಟೋದಲ್ಲಿ ಸಿಡಿದದ್ದು ಕುಕ್ಕರ್ ಬಾಂಬೇ. ನಮ್ಮ ಬಸ್ಸಿನ ಈ ಗುರುವಾರದ ಹೊತ್ತಿಗೆ ಅದಕ್ಕೆ ಮೂರು ವರ್ಷ ಆಗುತ್ತಾ ಬಂದಿತ್ತು. ಬಾಡಿಗೆಗೆ ಹೋಗಿದ್ದ ಪಾಪದ ಡ್ರೈವರ್ ಸುಟ್ಟುಕೊಂಡು ಆಸ್ಪತ್ರೆ ಸೇರಿದರು. ಅವತ್ತು ಆ ಕುಕ್ಕರನ್ನು ಯಾರಾದರೂ "ಇದು ಯಾರದ್ದು, ಎಂತ ಉಂಟು ಇದರಲ್ಲಿ" ಅಂತ ಕೇಳಿದ್ದರೆ ಒಳ್ಳೆಯದೇ ಇತ್ತು. ಅಂದಹಾಗೆ, ಅದನ್ನು ಹಿಡಿದು ಕೂತಿದ್ದವನ ಹತ್ತಿರ ಸಿಕ್ಕಿದ ಆಧಾರ್ ಕಾರ್ಡ್ ಅವನದ್ದಲ್ಲ. ಬೇರೆ ಯಾರದ್ದೋ, ಹಿಂದೂ ಹೆಸರಿನದ್ದು. ಕಾರ್ಡ್ ನೋಡಿ ಸಮಾಧಾನ ಪಡುವವರಿಗೆ ಇದು ನೆನಪಿರಲಿ.

ಅದಕ್ಕೂ ಮೊದಲು, 2020ರ ಜನವರಿಯಲ್ಲಿ, ನಮ್ಮ ಬಜ್ಪೆ ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಬ್ಯಾಗ್ ಸಿಕ್ಕಿತ್ತಲ್ಲ. ಕಾವಲಿಗಿದ್ದ ಸಿಐಎಸ್‌ಎಫ್‌ನವರು ವಾರಸುದಾರರಿಲ್ಲದ ಬ್ಯಾಗ್ ಅಂತ ಗುರುತಿಸಿದರು. ದೂರ ಕೊಂಡುಹೋಗಿ ಬಯಲಿನಲ್ಲಿ ಸಿಡಿಸಿದರು. ಯಾರಿಗೂ ಒಂದು ಗಾಯ ಇಲ್ಲ. ಬ್ಯಾಗ್ ಇಟ್ಟವನು ಯಾರು ಅಂತ ಆ ಎರಡು ದಿನ ನಮ್ಮ ಆಫೀಸಿನಲ್ಲಿ ಎಲ್ಲರಿಗೂ 'ಗೊತ್ತಿತ್ತು'. ಆಮೇಲೆ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದವನ ಹೆಸರು ನೋಡಿದಾಗ ಎಲ್ಲರೂ ಸುಮ್ಮನಾದರು. ಬೇರೆ ಧರ್ಮದವನು ಅಂದುಕೊಂಡಿದ್ದರು, ನಮ್ಮವನೇ ಆಗಿದ್ದ. ಕ್ಯಾಂಟೀನಿನಲ್ಲಿ ಆ ಸುದ್ದಿ ಅಲ್ಲಿಗೇ ನಿಂತುಹೋಯಿತು.

ಮನೆಗೆ ಬಂದು ಹೇಳಿದರೆ ನಮ್ಮ ಭಾವನ ಮಾತು ಒಂದೇ: "ಜೀವ ಇದ್ದರೆ ತಾನೇ ನಿನ್ನ ಹಕ್ಕು ಗಿಕ್ಕು?" ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಕಸಬ್‌ನ ಕೇಸು ಅವರೇ ಟಿವಿ ಮುಂದೆ ಕೂತು ನೋಡಿದವರು. 2008ರ ಮುಂಬೈ, 166 ಜನ ಸತ್ತದ್ದು, ಬಂದೂಕು ಹಿಡಿದವನ ಫೋಟೋ ಇಡೀ ಲೋಕ ನೋಡಿತ್ತು. ಅವನಿಗೂ ವಕೀಲರನ್ನು ಕೊಟ್ಟರು, ಸುಪ್ರೀಂ ಕೋರ್ಟಿನವರೆಗೆ ಮೇಲ್ಮನವಿ ಕೇಳಿದರು. ಆಮೇಲೆ 2012ರಲ್ಲಿ ಗಲ್ಲು. ಅದೇ ಕೇಸಿನಲ್ಲಿ ಅವನ ಜೊತೆ ಆರೋಪಿಗಳಾಗಿದ್ದ ಇಬ್ಬರು ಭಾರತೀಯರು ಇದ್ದರು. ಸಾಕ್ಷ್ಯ ಸಾಲದು ಅಂತ ಅವರನ್ನು ಬಿಟ್ಟರು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಇಡೀ ದೇಶ ಕುದಿಯುತ್ತಿದ್ದಾಗ ಒಂದೇ ಕಟಕಟೆಯಲ್ಲಿ ನಿಂತ ಮೂವರನ್ನು ಬೇರೆ ಬೇರೆ ಮಾಡಿ ನೋಡುವುದು ಅಂದ್ರೆ ಸಣ್ಣ ವಿಷಯವಾ? ಭಾವನಿಗೆ ಇದು ಹೇಳಿದೆ. "ಅದು ಕೋರ್ಟು, ಇದು ಬಸ್ಸು" ಅಂದರು. ಆ ಮಾತಿಗೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ.

ಕೋರ್ಟಿನವರೆಗೆ ಹೋಗುವುದೂ ಸುಲಭ ಅಲ್ಲ ಬಿಡಿ. ಭಯೋತ್ಪಾದನೆ ಕೇಸುಗಳಿಗೆ ಹಾಕುವ ಯುಎಪಿಎ ಕಾನೂನು ಹಾಕಿದರೆ ಆರೋಪಪಟ್ಟಿ ಸಲ್ಲಿಸುವುದಕ್ಕೇ 180 ದಿನದವರೆಗೆ ಸಮಯ ಸಿಗುತ್ತದೆ. ಮೇಲ್ನೋಟಕ್ಕೆ ಆರೋಪ ನಿಜ ಅಂತ ಕಂಡರೆ ಜಾಮೀನೂ ಇಲ್ಲ. ನಿಜವಾದ ಅಪರಾಧಿಗೆ ಇದು ಬೇಕು ಅಂತಲೇ ಇಟ್ಟುಕೊಳ್ಳೋಣ. ಅಪರಾಧಿ ಅಲ್ಲದವನು ಒಳಗೆ ಹೋದರೆ ಅವನ ವರ್ಷಗಳನ್ನು ವಾಪಸ್ ಕೊಡುವವರು ಯಾರು? ನಾಲ್ಕು ನಿಮಿಷ ನಮ್ಮೆಲ್ಲರ ಕಣ್ಣು ತನ್ನ ಮೇಲೆ ಬಿದ್ದದ್ದಕ್ಕೇ ಆ ಹುಡುಗ ಇಳಿಯುವವರೆಗೂ ಜಿಪ್ ಹಾಕಲಿಲ್ಲ.

ಮತ್ತೆ ಬಸ್ಸು ಯಾವಾಗಲೂ ನಗುವುದರಲ್ಲಿ ಮುಗಿಯಬೇಕು ಅಂತ ಇಲ್ಲವಲ್ಲ. ಅದೇ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆಗಿ ಐದೇ ದಿನಕ್ಕೆ, ನಮ್ಮದೇ ಮಂಗಳೂರಿನ ಕುಡುಪುವಿನಲ್ಲಿ, ಕ್ರಿಕೆಟ್ ನಡೆಯುತ್ತಿದ್ದ ಮೈದಾನದ ಹತ್ತಿರ ಕೇರಳದವನೊಬ್ಬನನ್ನು ಹೊಡೆದು ಕೊಂದರು. ಪಾಕಿಸ್ತಾನದ ಪರ ಘೋಷಣೆ ಕೂಗಿದ ಅಂತ ಹೊಡೆದವರು ಹೇಳಿದರಂತೆ. ಅಷ್ಟು ಜನ ಇದ್ದ ಜಾಗ. ಒಬ್ಬರಾದರೂ "ನಿಲ್ಲಿ ಮಾರ್ರೆ, ಮೊದಲು ಕೇಳುವ" ಅಂದಿದ್ದರೆ? ಅವರಿಗೂ ನಮ್ಮ ಹಾಗೆಯೇ ಕತ್ತು ತಿರುಗಿಸುವುದರಿಂದಲೇ ಶುರು ಆಗಿರಬಹುದು. ಇದು ಯೋಚನೆಗೆ ಬಂದ ಮೇಲೆ ಗುರುವಾರ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಕಂಡಕ್ಟರ್ ಕೆಟ್ಟವನಲ್ಲ. ಅವನು ಚೀಲವನ್ನು ಕೇಳಿದ, ಜನರನ್ನಲ್ಲ. ಹುಡುಗನ ಬ್ಯಾಗಿಗೆ ಕೈ ಹಾಕಲಿಲ್ಲ, ಆಧಾರ್ ಕಾರ್ಡನ್ನು ನೋಡದೆ ವಾಪಸ್ ಕೊಟ್ಟ. ಅಮ್ಮನಿಗೆ ಮಾತ್ರ ಸುರತ್ಕಲ್‌ವರೆಗೆ ಬೈದ. ಇಸ್ತ್ರಿ ಶರ್ಟಿನವರು ಮುಕ್ಕ ದಾಟುವಾಗ ನನ್ನ ಕಡೆ ತಿರುಗಿ, "ಜಾಗ್ರತೆ ಒಳ್ಳೇದೇ ಅಲ್ವಾ ಮೇಡಂ" ಅಂದರು. ನಾನು ತಲೆ ಆಡಿಸಿದೆ. ಯಾಕೆ ಆಡಿಸಿದೆನೋ. ವಿಡಿಯೋ ಡಿಲೀಟ್ ಮಾಡಿ ಅಂತ ಒಂದು ಮಾತು ಹೇಳಬಹುದಿತ್ತು.

ಪಡುಬಿದ್ರಿಯಲ್ಲಿ ಹುಡುಗ ಇಳಿದ. ಫುಟ್‌ಬೋರ್ಡಿನಲ್ಲಿ ನಿಂತು ಒಂದೊಂದೇ ಜಿಪ್ ಎಳೆದುಕೊಂಡ.

"ಎಂತದೂ ಬಿಟ್ಟು ಹೋಗ್ಬೇಡಿ ಮಾರ್ರೆ" ಅಂದ ಕಂಡಕ್ಟರ್.

ಎಲ್ಲ ಪ್ಯಾಸೆಂಜರಿಗೂ ಹೇಳುವ ಮಾತೇ ಇರಬೇಕು. ಉಡುಪಿಯಲ್ಲಿ ನಾನು ಇಳಿಯುವಾಗ ಹೇಳಲಿಲ್ಲ.