ಬಾಗಿಲಿಲ್ಲದ ಬಂಬ್

ಬೆಂಕಿ ಆರಿಸುವ ಗಾಡಿಗೆ ಮುಂಬೈಯ ಹಳಬರು ಈಗಲೂ ‘ಬಂಬ್’ ಅನ್ನುತ್ತಾರೆ. ಅದರ ಮೇಲೆ ಬರುವವನು ಬಂಬ್‌ವಾಲಾ, ಅದನ್ನು ನಿಲ್ಲಿಸುವ ಜಾಗ ಬಂಬ್‌ಖಾನಾ. ಉಡುಪಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗನಿಗೆ ಇದನ್ನು ಹೇಳಿದ್ದೇ ತಪ್ಪಾಯ್ತು. ‘ಬಂಬ್ ತೋರಿಸಿ ಮಾವ’ ಅಂತ ಬೆನ್ನು ಬಿದ್ದ. ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ನನಗೂ ರಜೆ. ಬೈಕುಲಾದ ಅಗ್ನಿಶಾಮಕ ಕೇಂದ್ರಕ್ಕೆ ಹೊರಟೆವು.

ಹುಡುಗ ಸೀದಾ ಓಡಿದ್ದು ಏಣಿ ಗಾಡಿಯ ಹತ್ತಿರ. 90 ಮೀಟರ್ ಮೇಲೇರುವಂಥದ್ದೂ ಇವರ ಹತ್ತಿರ ಇದೆ ಎಂದೆ. ‘ಅಂದ್ರೆ ಎಷ್ಟು ತೆಂಗಿನಮರ?’ ಎಂದು ಕೇಳಿದ. ಒಂದರ ಮೇಲೊಂದು ನಾಲ್ಕೈದು ಆಗಬಹುದು. ಹೊಸ ಗಾಡಿಗಳ ಬದಿಯ ಶಟರ್ ಎತ್ತಿದರೆ ಹೋಸು, ನಳಿಕೆ ಎಲ್ಲ ಅಡುಗೆಮನೆ ಡಬ್ಬಿಗಳ ಹಾಗೆ ಜೋಡಿಸಿಟ್ಟಿದ್ದರು.

ನನ್ನ ಕಣ್ಣು ಮಾತ್ರ ಮೂಲೆಯ ಹಳೆ ಗಾಡಿಯ ಮೇಲೆ. ಮಾಡು ಇಲ್ಲ, ಬಾಗಿಲಿಲ್ಲ. ಹತ್ತುವ ಮೆಟ್ಟಿಲಿನ ಅಂಚು ಕಾಲು ತಾಗಿ ತಾಗಿ ಸವೆದಿತ್ತು. ಡ್ರೈವರ್ ಪಕ್ಕದಲ್ಲೊಂದು ಹಿತ್ತಾಳೆ ಗಂಟೆ. ಜನ ಸೈಡ್ ಕೊಡಲಿ ಅಂತ ದಾರಿಯುದ್ದಕ್ಕೂ ಅದನ್ನು ಬಾರಿಸುತ್ತಲೇ ಹೋಗಬೇಕಿತ್ತು.

‘ತಿರುವಿನಲ್ಲಿ ಬಿದ್ದರೆ?’ ಎಂದ ಹುಡುಗ.

‘ಗಟ್ಟಿ ಹಿಡ್ಕೊಳ್ಳೋದೇ’ ಎಂದರು ಅಲ್ಲಿದ್ದ ಹಿರಿಯರೊಬ್ಬರು, ಮರಾಠಿಯಲ್ಲಿ.

1944ರ ಇದೇ ದಿನ ಮುಂಬೈ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗಿನ ಹತ್ತಿಗೆ ಬೆಂಕಿ ಬಿದ್ದಿತ್ತು. ಅದೇ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ ಬೇರೆ! ಎರಡನ್ನೂ ಒಟ್ಟಿಗೆ ತುಂಬಿದವರ ಬುದ್ಧಿಗೆ ಏನನ್ನಬೇಕೋ. 900 ಟನ್‌ಗೂ ಜಾಸ್ತಿ ನೀರು ಸುರಿದರೂ ಬೆಂಕಿ ಜಗ್ಗಲಿಲ್ಲ. ಹತ್ತಿ ಬೇಲು ಬಚ್ಚಲೊಲೆಯ ತೆಂಗಿನ ಸಿಪ್ಪೆ ಥರ, ಹೊರಗೆ ಒದ್ದೆಯಾದರೂ ಒಳಗೊಳಗೇ ಉರಿಯುತ್ತದೆ. ಸಂಜೆ ನಾಲ್ಕು ಗಂಟೆ ದಾಟಿದ್ದೇ ತಡ, ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಮ್ಮೆ. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ವಾಪಸ್ ಬರಲಿಲ್ಲ. ದೇಶವಿಡೀ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನ ಅಂತ ಆಚರಿಸುವುದು ಇದಕ್ಕೇ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಹಡಗಿಗೆ ಬೆಂಕಿ ಬಿದ್ದಿತ್ತು, ಇವರು ಹೋಗಿದ್ದರು ಎಂದೆ ಅಷ್ಟೆ.

‘ಇದರಲ್ಲೇ?’

‘ಇಂಥದ್ದರಲ್ಲಿ ಇರಬೇಕು.’

ಅವನು ಸವೆದ ಮೆಟ್ಟಿಲನ್ನೇ ನೋಡಿದ. ಹಿರಿಯರು ಅವನನ್ನೆತ್ತಿ ಗಂಟೆಯ ಹಗ್ಗ ಕೈಗೆ ಕೊಟ್ಟರು. ದೇವಸ್ಥಾನದ ಗಂಟೆಯ ಹಾಗೆ ಮೆಲ್ಲಗೆ ಎಳೆದ. ‘ಹಾಗಲ್ಲ, ಜೋರಾಗಿ! ದಾರಿ ಬಿಡೋದು ಬೇಡ್ವಾ?’ ಎಂದು ಅವರು ನಕ್ಕರು. ಎರಡನೇ ಸಲ ಎಳೆದ ಏಟಿಗೆ ಏಣಿ ಗಾಡಿಯ ಸುತ್ತ ನಿಂತಿದ್ದವರೆಲ್ಲ ತಿರುಗಿ ನೋಡಿದರು.