ಕುಯ್ಲಾದ ಮೇಲೆ ನೀರು ಕಟ್ಟಿದ ಗದ್ದೆ
ಡಿಸೆಂಬರಿನ ಒಂದು ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಕೊಸಮ್ನೆಸ್ ನದಿಯ ಕಡೆ ಹೊರಟೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ದಕ್ಷಿಣಕ್ಕೆ ಅರ್ಧ ಗಂಟೆ ದಾರಿ. ಹೆದ್ದಾರಿ ಬಿಟ್ಟು ಸ್ವಲ್ಪ ದೂರ ಹೋದರೆ ಬತ್ತದ ಗದ್ದೆಗಳು. ಕುಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಅದರ ಮೇಲೆ ನೀರು ನಿಂತಿತ್ತು.

ಅಮ್ಮ ಮಂಡ್ಯದ ಕಡೆಯವರು, ನಾಟಿ ಮಾಡಿ ಬೆಳೆದವರು. "ಕುಯ್ದಾದ್ಮೇಲೆ ಯಾಕ್ ಮಗಾ ನೀರ್ ಕಟ್ಟವ್ರೆ?" ಅಂದರು.

ಹಿಂದೆ ಇಲ್ಲಿನ ರೈತರು ಹುಲ್ಲನ್ನು ಗದ್ದೆಯಲ್ಲೇ ಸುಡುತ್ತಿದ್ದರು. ಹೊಗೆ ಜಾಸ್ತಿಯಾಗಿ, ಸುಡುವುದನ್ನು ತಗ್ಗಿಸಲು 1991ರಲ್ಲಿ ಕಾನೂನು ಬಂತು. ಈಗ ಚಳಿಗಾಲದಲ್ಲಿ ನೀರು ಬಿಟ್ಟು ಹುಲ್ಲನ್ನು ಕೊಳೆಸುತ್ತಾರೆ. ಉದುರಿದ ಕಾಳು ಬಾತುಗಳಿಗೆ ಸಿಗುತ್ತದೆ.

"ಸುಡೋದಾ? ದನಕ್ಕೆ ಹಾಕ್ಬಾರ್ದಿತ್ತಾ?" ಅಮ್ಮನಿಗೆ ಅದೇ ಸಂಕಟ.

ಸೆಂಟ್ರಲ್ ವ್ಯಾಲಿ ಎಂಬ ಈ ಕಣಿವೆಯ ಜೌಗು ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗಿಬಿಟ್ಟಿದೆ. ಉಳಿದದ್ದನ್ನು ಕಾಯಲು 1987ರಲ್ಲಿ ಕೊಸಮ್ನೆಸ್ ನದಿಯ ಸುತ್ತ ಈ ಸಂರಕ್ಷಿತ ಪ್ರದೇಶ ಶುರುವಾಯಿತು. ನೇಚರ್ ಕನ್ಸರ್ವೆನ್ಸಿ, ಡಕ್ಸ್ ಅನ್‌ಲಿಮಿಟೆಡ್ ಎಂಬ ಸಂರಕ್ಷಣಾ ಸಂಸ್ಥೆಗಳು, ಸರ್ಕಾರಿ ಇಲಾಖೆಗಳು ಸೇರಿ ನಡೆಸುತ್ತವೆ. ನನಗೆ ಇಷ್ಟವಾದದ್ದು, ಇಲ್ಲಿ ಬೇಸಾಯವನ್ನು ಓಡಿಸಿಲ್ಲ. ಕೆಲವು ರೈತರು ತಮ್ಮ ಜಮೀನಿನಲ್ಲಿ ಮುಂದೆ ಸೈಟು, ಮನೆ ಬರದ ಹಾಗೆ, ಕಟ್ಟುವ ಹಕ್ಕನ್ನು ಮಾತ್ರ ಇಂಥ ಸಂಸ್ಥೆಗಳಿಗೆ ಮಾರಿದ್ದಾರೆ. ಉಳುಮೆ ಅವರದ್ದೇ.

ನದಿಯ ಪಕ್ಕ ಓಕ್ ಮರಗಳ ಕೆಳಗೆ ನಡೆದೆವು. ಸಿಯೆರಾ ನೆವಾಡಾ ಬೆಟ್ಟಸಾಲಿನ ಪಶ್ಚಿಮದಿಂದ ಇಳಿದು ಬರುವ ನದಿಗಳಲ್ಲಿ ದೊಡ್ಡ ಅಣೆಕಟ್ಟಿಲ್ಲದೆ ಉಳಿದದ್ದು ಇದೊಂದೇ. ಮಳೆ ಬಂದರೆ ಉಕ್ಕುತ್ತದೆ. 1985ರ ಸುಮಾರಿಗೆ ಪ್ರವಾಹ ಒಡ್ಡು ಒಡೆದು ಒಂದು ಹೊಲದ ಮೇಲೆ ಮರಳು ಹಾಸಿತು. ಆ ಹೊಲವನ್ನು ಹಾಗೇ ಬಿಟ್ಟರು. ಯಾರೂ ನೆಡದೆ ಅಲ್ಲಿ ಕಾಟನ್‌ವುಡ್, ವಿಲೋ ಮರಗಳ ಕಾಡೇ ಎದ್ದಿತು! ಅದನ್ನು ನೋಡಿದ ಮೇಲೆ 1995ರಲ್ಲಿ ಬೇಕೆಂದೇ ಒಡ್ಡು ಒಡೆದು ನದಿಗೆ ದಾರಿ ಬಿಟ್ಟರು. ಬಯಲಿಗೆ ಹರಡಿದ ಆ ನೀರಿನಲ್ಲಿ ಸಾಲ್ಮನ್ ಮೀನಿನ ಮರಿಗಳು ನದಿಯಲ್ಲಿರುವುದಕ್ಕಿಂತ ಬೇಗ ಬೆಳೆಯುತ್ತವೆ ಎಂದು ಇಲ್ಲೇ ನಡೆದ ಅಧ್ಯಯನ ಹೇಳಿದೆ. ಒಡ್ಡು ಕಟ್ಟುವುದನ್ನೇ ಕಾಪಾಡುವುದು ಅಂದುಕೊಂಡಿದ್ದೆವು, ಅಲ್ವಾ?

ಸಂಜೆ ಗದ್ದೆಗಳ ಹತ್ತಿರ ವಾಪಸ್ ಬಂದೆವು. ಮೊದಲು ಸದ್ದು ಬಂತು, ದೂರದಲ್ಲಿ ಕಹಳೆ ಊದಿದ ಹಾಗೆ. ಆಮೇಲೆ ಸ್ಯಾಂಡ್‌ಹಿಲ್ ಕ್ರೇನ್‌ಗಳ ಸಾಲು ಕಾಣಿಸಿತು. ನಮ್ಮ ಸಾರಸದ ಬಳಗದವು. ಬೂದು ಮೈ, ಹಣೆಯ ಮೇಲೆ ಕೆಂಪು. ಹಗಲೆಲ್ಲ ಹೊಲದಲ್ಲಿ ಕಾಳು ಹೆಕ್ಕಿ, ರಾತ್ರಿ ತೆಳ್ಳಗೆ ನಿಂತ ನೀರಿನಲ್ಲಿ ನಿಂತೇ ಮಲಗುತ್ತವೆ. ನರಿ ಬಂದರೂ ನೀರಿನ ಸದ್ದಿಗೆ ಎಚ್ಚರವಾಗುತ್ತದೆ.

ಕತ್ತಲಾಯಿತು, ಚಳಿ ಏರಿತು. ನಾನು ಕಾರಿನ ಬಾಗಿಲು ತೆಗೆದೆ. ಅಮ್ಮ ಶಾಲನ್ನು ತಲೆ ಮೇಲೆ ಎಳೆದುಕೊಂಡು ಕೈ ಎತ್ತಿದರು. "ಇರು ಮಗಾ, ಇನ್ನೊಂದು ಗುಂಪು ಬತ್ತಾ ಅದೆ."